ಅಬೊಗಾದೊ ಬರಲಿ

ಹೊಲಿಗೆ ಮಶೀನಿನ ಚಕ್ರ ನಿಂತುಬಿಟ್ಟಿದೆ, ಕಾಲು ಯಾವಾಗ ತುಳಿಯುವುದನ್ನು ಬಿಟ್ಟಿತೋ, ಸೂಜಿ ಪಕ್ಕದ ಮನೆಯ ಚಂದ್ರಕಲಾಳ ಬ್ಲೌಸಿನ ತೋಳಿನಲ್ಲಿ ಅರ್ಧಕ್ಕೇ ಸಿಕ್ಕಿಕೊಂಡಿದೆ, ಹೊರಗೆ ವಾಡಿ ಸ್ಟೇಶನ್ನಿನ ಕಡೆ ಗೂಡ್ಸ್ ಗಾಡಿ ಹೋಗುತ್ತಲೇ ಇದೆ, ಮುಗಿಯುವುದೇ ಇಲ್ಲ — ಫೋನು ಸುಮ್ಮನಿದೆ. ಸ್ಪೇನಿನಲ್ಲಿ ಈಗ ಬೆಳಿಗ್ಗೆ, ನನ್ನ ಗಂಡ ಠಾಣೆಯೊಳಗೆ ಹೋಗಿರಬೇಕು, ಕುರ್ಚಿಯ ತುದಿಗೆ ಕೂತಿರಬೇಕು, ಆ ತಲೆ, ಯಾ ಅಲ್ಲಾ, ಆ ತಲೆಯನ್ನು ಹಿಡಿದು ನಿಲ್ಲಿಸು. ನಮ್ಮ ಮಂದಿಯ ತಲೆಯೇ ಹಾಗೆ, ಎದುರಿಗೆ ಸಾಹೇಬನೊಬ್ಬ ಕೂತರೆ ಸಾಕು, ತಿಳಿಯಲಿ ಬಿಡಲಿ, ಹೌದ್ರಿ ಸಾಬ್, ಆಯ್ತ್ರಿ ಸಾಬ್, ಎಂದು ತಾನೇ ಆಡುತ್ತದೆ, ಅದು ನಮಗೆ ಅದಬು, ಮರ್ಯಾದೆ, ಇಲ್ಲ ಅಂದರೆ ದೊಡ್ಡವರಿಗೆ ಎದುರಾಡಿದಂತೆ. ಮಾವ ಅಲ್ಲಾವುದ್ದೀನರೂ ಹಾಗೇ ಆಡಿಸಿದರು, ಶಹಾಬಾದಿನ ಕಲ್ಲಿನ ಖಣಿಯಲ್ಲಿ ಯಾರೋ ಯಾರನ್ನೋ ಹೊಡೆದದ್ದಕ್ಕೆ ಪೊಲೀಸರು ಮಾವನನ್ನು ಕರೆಸಿದಾಗ ಕೇಳಿದ್ದಕ್ಕೆಲ್ಲ ಹೌದ್ರಿ, ಹೆಬ್ಬೆಟ್ಟು ಒತ್ತಿ ಬಂದರು, ಆಮೇಲೆ ಸಾಯುವವರೆಗೂ ಚಿತ್ತಾಪುರದ ಕೋರ್ಟಿಗೆ ಅಲೆದರು, ಅಲ್ಲೇ ಬೇವಿನ ಗಿಡದ ಕೆಳಗೆ ಕೂತು ಹೇಳಿದ್ದರು, ಬೇಟಿ, ಮೊದ್ಲೇ ವಕೀಲಗ ಕರೀರಿ ಅಂದಿದ್ರ ಮುಗೀತಿತ್ತು, ನನ್ನ ಬಾಯಾಗ ಆ ಮಾತೇ ಬರ್ಲಿಲ್ಲ ನೋಡು. ಅವರ ಮಗ ಇವರು, ಮತೀನ, ಕಲ್ಲಿಗೆ ಪಾಲಿಶ್ ಹಿಡಿಯುವ ಕೈ, ಆ ಕೈಯನ್ನು ನಂಬಿಯೇ ಅಷ್ಟು ದೂರ ಹೋದರು, ತಲೆ ಮಾತ್ರ ಅಪ್ಪನದೇ.

ಅಲ್ಲಿಯೂ ಕಲ್ಲಿನ ಕಾರ್ಖಾನೆಯೇ, ಕ್ರೇನಿನ ಸರಪಳಿ ಹರಿದು ಕಲ್ಲು ಬಿತ್ತು, ಜೊತೆಗಾರನ ಕಾಲು ಮುರಿಯಿತು, ಸರಪಳಿ ಸವೆದಿದೆ ಎಂದು ಮೊದಲೇ ಫೋಟೋ ತೆಗೆದು ಮಾಲೀಕನಿಗೆ ಕಳಿಸಿದವರು ಇವರೇ, ಈಗ ಅದೇ ಮಾಲೀಕ ಎಲ್ಲ ತಪ್ಪು ಮತೀನನದು ಅನ್ನುತ್ತಾನೆ, ಠಾಣೆಯಲ್ಲಿ ಒಂದು ಹೌದು ಅಂದು ಸಹಿ ಹಾಕಿದರೆ ಜೈಲು, ಇವರಿಗೋ ಭಾಷೆ ಬಾರದು. ಠಾಣೆಗೆ ಬಾ ಎಂದು ಕರೆ ಬಂದ ದಿನ ಫೋನಿನಲ್ಲಿ ಇವರು ಅಂದರು, ಪೊಲೀಸರು ಭಾಳ ಒಳ್ಳೇವ್ರು ಇದ್ದಂಗ ಕಾಣ್ತಾರ ನಾಹಿದಾ, ನಕ್ಕೊಂತ ಮಾತಾಡ್ತಾರ. ಮೈ ಉರಿದುಹೋಯಿತು ನನಗೆ, ನಕ್ಕರ ಏನಾತ್ರಿ, ನಗೋರ ಮುಂದ ನೀವು ಇನ್ನಾ ಜೋರ ತಲಿ ಆಡಸ್ತೀರಿ. ಅವತ್ತೇ ಫೋನಿನಲ್ಲಿ ಹುಡುಕಿದೆ, ಕೆಂಪು ಕನ್ನಡಕದ ಹೆಂಗಸೊಬ್ಬಳು ಕಲಿಸುತ್ತಾಳೆ, ವಕೀಲ ಅಂದರೆ ಅಬೊಗಾದೊ, ಕಿಯೆರೊ ಉನ್ ಅಬೊಗಾದೊ ಅಂದರೆ ನನಗೆ ವಕೀಲ ಬೇಕು, ನಾನೂ ಅಂದೆ, ಅವಳಂತೆ ಬರಲಿಲ್ಲ, ಗ ಕಲ್ಲಿನಂತೆ ಬಡಿಯಿತು, ದ ಹಲ್ಲಿಗೆ ಅಂಟಿತು, ಪುಂಡಿಪಲ್ಯ ಸೋಸುತ್ತ ಅಂದೆ, ಗುಂಡಿ ಹಚ್ಚುತ್ತ ಅಂದೆ, ಊಹೂಂ — ಆಮೇಲೆ ಒಮ್ಮೆಲೇ ಖುರ್ಷಿದಬೇಗಂ ಆಪಾ ನೆನಪಾದರು, ಚಿಕ್ಕಂದಿನಲ್ಲಿ ನಮಗೆ ಅರಬ್ಬಿ ಓದಿಸಿದವರು, ಕೈಯಲ್ಲಿ ಬೆತ್ತ, ಗೈನ್ ಅಕ್ಷರ ಅಂದ್ರ ಗಂಟಲದಾಗ ಉಜ್ಜಿ ಬರಬೇಕು, ಬಡೀಬಾರದು, ಜಾಲ್ ಅಂದ್ರ ಜನೂ ಅಲ್ಲ ದನೂ ಅಲ್ಲ, ನಾಲಿಗಿ ತುದಿ ಹಲ್ಲಿನ ನಡು ತುಸು ಇಣುಕಬೇಕು, ತಪ್ಪಿದರೆ ಅಂಗೈಗೆ ಏಟು. ಅರೇ, ಅದೇ ಗ, ಅದೇ ದ! ಉಸಿರು ಎಳೆದುಕೊಂಡು ಅಂದೆ, ಅಬೊಗಾದೊ, ಗಾ ಮೇಲೆ ಒತ್ತು, ಬಂತು, ಕನ್ನಡಕದವಳ ದನಿ ನನ್ನ ಬಾಯಲ್ಲೇ ಬಂತು, ಅಡಿಗೆಮನೆಯಲ್ಲಿ ಒಬ್ಬಳೇ ಗಿರಕಿ ಹೊಡೆದೆ, ಆಪಾ, ನಿಮ್ಮ ಏಟೆಲ್ಲ ವಸೂಲಾಯಿತು.

ಇವರೋ ಓದು ತಪ್ಪಿಸಿ ಖಣಿಯ ನೀರಿಗೆ ಈಜಲು ಓಡುತ್ತಿದ್ದವರು, ಇವರಿಗೆ ಗೈನೂ ಇಲ್ಲ, ಜಾಲೂ ಇಲ್ಲ. ಗಂಟಲ ಮ್ಯಾಲ ಬೆರಳಿಡ್ರಿ, ಅನ್ರಿ. ನಾಚಿಕಿ ಬರ್ತದ ನಾಹಿದಾ, ರೂಮಿನಾಗ ಮಂದಿ ಅದಾರ. ನಾಚಿಕಿ ಆಮ್ಯಾಲ ಪಡ್ರಿ, ಮೊದ್ಲ ಅಬೊಗಾದೊ ಅನ್ರಿ. ಅವರ ಎದುರಿಗೆ ನಾನೇ ಪೊಲೀಸಾದೆ, ಫೋನಿನಲ್ಲೇ ದಬಾಯಿಸಿದೆ, ಊಟ ಆತೇನು, ಅಬೊಗಾದೊ, ಸರಪಳಿ ಹರಿದಾಂವ ನೀನೇ ಏನು, ಅಬೊಗಾದೊ, ಹೆಂಡ್ತಿ ಮ್ಯಾಲ ಮೊಹಬ್ಬತ್ ಅದ ಏನು, ಹೌದ್ರಿ ಸಾಬ್ — ಸೋತ್ರಿ! ಅದಕ್ಕೂ ಅಬೊಗಾದೊ ಅನ್ಬೇಕ್ರಿ! ನಗು ಬಂತು, ಅಳುವೂ ಬಂತು, ಸಿಟ್ಟಿನಿಂದ ಮತ್ತೆ ಮೊದಲಿನಿಂದ ಹೇಳಿಸಿದೆ.

ದೀಪ ಹಚ್ಚುವ ಹೊತ್ತಿಗೆ ಬಂತು, ಫೋನು ಬಂತು, ವಿಡಿಯೋ, ಮುಖ ಕಾಣುವ ಮೊದಲೇ ದನಿ, ನಾಹಿದಾ, ಅಂದೆ! ಏನಂದ್ರಿ, ಸರಿಯಾಗಿ ಹೇಳ್ರಿ. ಅದೇ, ಅಬೊಗಾದೊ, ಸಾಹೇಬ ಕಾಗದ ಸರಿಸಿ ಪೆನ್ನು ಕೊಟ್ಟ, ನಕ್ಕ, ಗಂಟಲದಾಗಿಂದ ಅಂದೆ, ಕಿಯೆರೊ ಉನ್ ಅಬೊಗಾದೊ, ಅಂವಾ ಮತ್ತ ಏನೋ ಕೇಳ್ದ, ನಾ ಮತ್ತ ಅದೇ ಅಂದೆ, ಪೆನ್ನು ತಿರುಗಿ ತೊಗೊಂಡ ನೋಡು! ವಕೀಲ ಬಂದ್ಳು, ಹೆಣ್ಮಗಳು, ಉರ್ದು ಬರೋ ದುಭಾಷಿನೂ ಕರಸಿದ್ಳು, ಸರಪಳಿ ಫೋಟೋ ತೋರಿಸ್ದೆ, ಇದೊಂದ ಸಾಕು, ಇನ್ನ ಉತ್ತರ ಕೊಡಾಂವ ನೀನಲ್ಲ, ನಿನ್ನ ಮಾಲೀಕ, ಅಂದ್ಳು. ಗೆದ್ದೆವು, ಶಹಾಬಾದಿನ ಕಲ್ಲು ಗೆದ್ದಿತು, ವಾಡಿಯ ನಾಹಿದ ಗೆದ್ದಳು, ಯಾರಿಗೆ ಕೂಗಿ ಹೇಳಲಿ, ಓಣಿಗೆಲ್ಲ ಶೀರಾ ಮಾಡಿ ಹಂಚಲೇ, ತಡಿ, ಮೊದಲು ಇದನ್ನು ಕೇಳಬೇಕು, ತಲಿ ಆಡಸಿದ್ರೇನ್ರಿ? ಅವರು ಫೋನನ್ನು ತುಸು ದೂರ ಹಿಡಿದರು, ಹಿಂದೆ ಠಾಣೆಯ ಬಾಗಿಲು, ಒಳಗೂ ಹೊರಗೂ ನಡೆದಾಡುವ ಸಾಹೇಬರು, ನಡುವೆ ಇವರ ಕತ್ತು, ಕತ್ತಿನ ಮೇಲೆ ತಲೆ, ನೆಟ್ಟಗೆ, ಅತ್ತ ಇಲ್ಲ, ಇತ್ತ ಇಲ್ಲ, ನೆಟ್ಟಗೆ ಆ ತಲೆ —