ಮೂರನೆಯ ಯುಕುಲೇಲೆ

ತ್ರಿವೇಣಿಗೆ ಪಾರ್ಶ್ವವಾಯು ಬಡಿದ ದಿನ ಅವಳ ಮುಂದೆ ಚಾಪೆಯ ಮೇಲೆ ಮೂರು ಯುಕುಲೇಲೆಗಳಿದ್ದವು, ಗಿಟಾರಿನಂಥ ನಾಲ್ಕು ತಂತಿಯ ಪುಟ್ಟ ವಾದ್ಯಗಳು. ಅವಳ ಹತ್ತಿರ ಕಲಿಯಲು ಬರುತ್ತಿದ್ದ ಮಕ್ಕಳವು. ಹೊಸ ತಂತಿ ಹಾಕಿಕೊಡುತ್ತೇನೆಂದು ಇಸಿದುಕೊಂಡಿದ್ದಳು. ಹಳೆಯವನ್ನು ಬಿಚ್ಚುವುದಷ್ಟೇ ಮುಗಿದಿತ್ತು. ಆಮೇಲೆ ಒಂಬತ್ತು ತಿಂಗಳು ಅವು ಕಪಾಟಿನ ಮೇಲೆ ಬೋಳಾಗಿಯೇ ಕೂತವು.

ಈಗ ಅವಳ ಬಲಗೈ ಏಳುವುದಿಲ್ಲ, ಬಲಗಾಲೂ ಮರಗಟ್ಟಿದೆ. ಬಾಯಲ್ಲಿ ಉಳಿದದ್ದು ಒಂದೇ ಮಾತು, ‘ಆತು’. ನೀರು ಬೇಕಾದರೂ ಆತು, ಬೇಡವಾದರೂ ಆತು. ಬರುವ ಮಾತು ಹೆಚ್ಚಾಗಿ ಮೊದಲ ಆರು ತಿಂಗಳಲ್ಲೇ ಬರುತ್ತದೆ ಎಂದು ಡಾಕ್ಟರು ಎಂದೋ ಹೇಳಿದ್ದರು. ಗಂಡ ಸಿದ್ದಾರೂಢ ಅದನ್ನು ಯಾರ ಮುಂದೆಯೂ ಆಡಿರಲಿಲ್ಲ.

ಸ್ನೇಹಲ್ ಎಂಬ ಶಿಷ್ಯೆಯ ತಾಯಿ ಫೋನ್ ಮಾಡಿ, ಮಗಳು ಬೇರೆ ಕ್ಲಾಸು ಸೇರಿದ್ದಾಳೆ, ಮೂರೂ ವಾದ್ಯಗಳನ್ನು ತಾನೇ ಒಯ್ದು ಆಯಾ ಮನೆಗೆ ಮುಟ್ಟಿಸಲೇ ಎಂದು ಸಂಕೋಚದಿಂದ ಕೇಳಿದಳು. ಭಾನುವಾರ ಬರಲು ಹೇಳಿದ ಸಿದ್ದಾರೂಢ. ಬೋಳು ವಾದ್ಯ ಕೊಡಲು ಅವನಿಗೆ ಮನಸ್ಸಿರಲಿಲ್ಲ. ಜೊತೆಗೆ, ತಂತಿ ಕಟ್ಟುವುದನ್ನು ಕಣ್ಣಾರೆ ನೋಡಿದರೆ ಹೆಂಡತಿಗೆ ಏನಾದರೂ ಹೊಳೆದೀತೆಂಬ ಆಸೆ.

ಮರಾಠಿ ಸೀಮೆಯ ಭೋಸರಿಯ ಕಾರ್ಖಾನೆಯಲ್ಲಿ ಲೇಥ್ ಯಂತ್ರ ನಡೆಸಿ ಒರಟಾದ ಬೆರಳು ಅವನವು. ಹೆಂಡತಿಯನ್ನು ದಿಂಬಿಗೆ ಒರಗಿಸಿ ಎದುರು ಕೂತ. ಮೊದಲನೆಯದರ ಬ್ರಿಜ್ಜಿನಲ್ಲಿ, ಎಂದರೆ ತಂತಿಯ ಬುಡ ಕೂರುವ ಮರದ ಪಟ್ಟಿಯಲ್ಲಿ, ಸೀಳುಗಳಿದ್ದವು. ತುದಿಗೆ ಗಂಟು ಹಾಕಿ ಜಾರಿಸಿದರೆ ಕಚ್ಚಿ ನಿಂತಿತು. ಎರಡನೆಯದರಲ್ಲಿ ಬರೀ ತೂತು. ತಂತಿಯನ್ನು ಒಳಗೆ ಇಳಿಸಿ, ನಡುವಿನ ದೊಡ್ಡ ರಂಧ್ರದಿಂದ ಹೊರಗೆಳೆದು, ಮಣಿ ಪೋಣಿಸಿ ಗಂಟಿಕ್ಕಿ, ಮತ್ತೆ ಹಿಂದಕ್ಕೆ ಜಗ್ಗಬೇಕು. ನಾಲ್ಕು ತಂತಿಗೆ ಒಂದು ತಾಸು ಹಿಡಿಯಿತು.

ಮೂರನೆಯದು ಸ್ನೇಹಲಳದು. ಇದರಲ್ಲಿ ತಂತಿಯನ್ನು ಬ್ರಿಜ್ಜಿಗೇ ಸುತ್ತಿ, ಆ ಸುತ್ತಿನ ಕೆಳಗೇ ಎರಡು ಸಲ ಸಿಕ್ಕಿಸಿ, ಉಳಿದ ತುದಿಯ ಬಾಲವನ್ನು ಹಿಂದಿನ ಅಂಚಿಗೆ ಅದುಮಿಡಬೇಕು. ಬಾಲ ಮೇಲೆ ಉಳಿದರೆ ಕಟ್ಟು ಜಾರುತ್ತದೆಂದು ತ್ರಿವೇಣಿ ಮಕ್ಕಳನ್ನು ಗದರುತ್ತಿದ್ದುದು ಅವನಿಗೂ ಬಾಯಿಪಾಠವಾಗಿತ್ತು. ಬೇಕೆಂತಲೇ ಬಾಲವನ್ನು ಮೇಲೆ ಬಿಟ್ಟು ಅವಳ ಮುಂದೆ ಹಿಡಿದ.

“ಇದು ಸರಿ ಅದ ಏನು, ನೋಡು.”

ಅವಳು ಬಹಳ ಹೊತ್ತು ನೋಡಿದಳು. “ಆತು.”

“ತಪ್ಪಿದ್ರ ಬೈ ನನಗ.”

“ಆತು,” ಅಂದಳು, ಅವನನ್ನೇ ಸಮಾಧಾನ ಮಾಡುವವಳ ಹಾಗೆ.

ಅವಳು ಈಗ ತಡೆದಾಳು, ಈಗ ತಡೆದಾಳು ಎಂದುಕೊಳ್ಳುತ್ತ ಅವನು ತಂತಿ ಬಿಗಿಯುವ ಬಿರಡೆ ತಿರುಗಿಸಿದ. ತಂತಿ ಫಟ್ಟನೆ ಕಿತ್ತು ಬಂದು ಮರಕ್ಕೆ ಬಡಿದು ಉಗುರಿನಷ್ಟು ಗೀರು ಮಾಡಿತು. ತ್ರಿವೇಣಿ ಬೆಚ್ಚಿದಳು. ಬಾಯಿ ಸೊಟ್ಟ ಮಾಡಿ ಅಳತೊಡಗಿದಳು. ಗೀರಿಗೆ ಅತ್ತಳೋ, ಸಪ್ಪಳಕ್ಕೆ ಹೆದರಿ ಅತ್ತಳೋ ಅವನಿಗೆ ತಿಳಿಯಲಿಲ್ಲ. ಕಣ್ಣೊರೆಸಿ, ತಪ್ಪು ನನ್ನದೇ ಎಂದು ಹತ್ತು ಸಲ ಹೇಳಿದ. ಆಮೇಲೆ ಎಲ್ಲವನ್ನೂ ಸರಿಯಾಗಿ ಕಟ್ಟಿದ.

ನಾಲ್ಕು ಗಂಟೆಗೆ ತಾಯಿ ಮಗಳು ಬಂದರು. ಸ್ನೇಹಲ್ ಹೊಸ್ತಿಲಲ್ಲೇ ಸ್ವಲ್ಪ ನಿಂತು, ಆಮೇಲೆ ಒಳಗೆ ಬಂದು ತನ್ನ ವಾದ್ಯ ಎತ್ತಿಕೊಂಡಳು. ಹೊಸ ತಂತಿ ಹಿಗ್ಗಿ ಶ್ರುತಿ ಬಿಡುತ್ತಿತ್ತು. ತಾನೇ ಎರಡು ಸಲ ಸರಿಮಾಡಿಕೊಂಡು, ಇದೇ ಮನೆಯಲ್ಲಿ ಕಲಿತದ್ದೊಂದನ್ನು ನುಡಿಸಿದಳು. ಸಿದ್ದಾರೂಢ ಹೆಂಡತಿಯ ಮುಖವನ್ನೇ ನೋಡುತ್ತಿದ್ದ. ತ್ರಿವೇಣಿ ಹುಡುಗಿಯ ಅಂಗಿಯ ಗುಂಡಿ ನೋಡುತ್ತ, ಗುರುತಿಲ್ಲದವರು ಮನೆಗೆ ಬಂದಾಗ ನಗುವ ಹಾಗೆ ನಕ್ಕಳು.

ಗೀರು ಕಂಡು ಹುಡುಗಿ ಬೆರಳಾಡಿಸಿದಳು. ತನ್ನಿಂದಲೇ ಆದದ್ದೆಂದು ಅವನು ಮರಾಠಿಯಲ್ಲಿ ಒಪ್ಪಿಕೊಂಡ. ಇರಲಿ ಬಿಡಿ ಕಾಕಾ, ಮತ್ತೆ ಬರುತ್ತೇನೆ ಎಂದಳು ಅವಳು. ತಾಯಿ ಆಗಲೇ ಚಪ್ಪಲಿ ಮೆಟ್ಟಿದ್ದಳು.

ಅವರು ಹೋದ ಮೇಲೆ ಸಿದ್ದಾರೂಢ ಚಾಪೆಯ ಮೇಲೆ ಮಂಡಿಯೂರಿ, ಕತ್ತರಿಸಿ ಬಿದ್ದ ತಂತಿಯ ಚೂರುಗಳನ್ನು ಒಂದೊಂದಾಗಿ ಆರಿಸತೊಡಗಿದ. ಕಸಬರಿಗೆಗೆ ಅವು ಸಿಗುತ್ತಿರಲಿಲ್ಲ. ಅವಳ ಬಲಗಾಲಿಗೆ ಚುಚ್ಚಿದರೆ ಅವಳಿಗೆ ಗೊತ್ತಾಗುವುದೂ ಇಲ್ಲ.