ಗಾಳಿ ಎತ್ತಲಿಂದ?

ಅತ್ತೆಗೆ ಸೊಸೆಯ ಮೇಲೆ ಇದ್ದದ್ದು ಒಂದೇ ಒಂದು ದೂರು. ಆಕೆ ಯಾವ ಮಾತನ್ನೂ ಹಾಗೆ ಸುಮ್ಮನೆ ನಂಬುವವಳಲ್ಲ. ಪಕ್ಕದ ಬೀದಿಯ ಟೈಲರನ ಮಗಳು ಮನೆ ಬಿಟ್ಟು ಹೋದಳಂತೆ ಎಂದು ಅತ್ತೆ ಕಣ್ಣರಳಿಸಿ ಹೇಳಿದರೆ, ಸೊಸೆ ತಟ್ಟೆಯಿಂದ ತಲೆ ಎತ್ತದೆ, "ಯಾರು ನೋಡಿದ್ರು ಅತ್ತೆ? ಯಾವತ್ತು?" ಎನ್ನುತ್ತಿದ್ದಳು. ಕಥೆಯ ರುಚಿಯೆಲ್ಲ ಅಲ್ಲಿಗೇ ಇಂಗಿಹೋಗುತ್ತಿತ್ತು. ಇವಳ ಜೊತೆ ಹರಟುವುದೂ ಒಂದೇ, ಪೊಲೀಸ್ ಠಾಣೆಯಲ್ಲಿ ಕೂತು ಹರಟುವುದೂ ಒಂದೇ ಎಂದು ಅತ್ತೆ ಮಗನ ಹತ್ತಿರ ಗೊಣಗುತ್ತಿದ್ದರು. ಹೊರಗಿನವರ ಮುಂದೆ ಮಾತ್ರ ವರಸೆಯೇ ಬೇರೆ. "ನಮ್ಮ ಸೊಸೆ ಸರಿ ಅನ್ನದೆ ಈ ಊರಲ್ಲಿ ಒಂದು ಸೇತುವೆ ಏಳಲ್ಲ, ತಿಳ್ಕೊಳ್ಳಿ," ಎಂದು ಎದೆಯುಬ್ಬಿಸಿ ಹೇಳುತ್ತಿದ್ದರು.

ಆ ಮಾತಿನಲ್ಲಿ ಉತ್ಪ್ರೇಕ್ಷೆ ಏನೂ ಇರಲಿಲ್ಲ. ಸೊಸೆ ಇದ್ದದ್ದು ನಗರ ಯೋಜನಾ ಕಚೇರಿಯಲ್ಲಿ. ಯಾರಾದರೂ ದೊಡ್ಡದೇನನ್ನಾದರೂ ಕಟ್ಟುತ್ತೇವೆಂದು ಬಂದರೆ, ಊರಿನ ಯೋಜನೆ ಏನು ಹೇಳುತ್ತದೆ, ಪರಿಸರದ ನಿಯಮ ಏನು ಹೇಳುತ್ತದೆ ಎಂದು ಸಾಲುಸಾಲಾಗಿ ಒರೆಗೆ ಹಚ್ಚಿ ನೋಡಿ, ಇದು ಹೊಂದುತ್ತದೆ, ಇದು ಹೊಂದುವುದಿಲ್ಲ ಎಂದು ವರದಿ ಬರೆಯುವುದು ಅವಳ ಕೆಲಸ. ಈಗ ಒಂದೂಕಾಲು ವರ್ಷದಿಂದ ಅವಳ ಕೈಯಲ್ಲಿದ್ದದ್ದು ಆರು ಪಥದ ಹೊಸ ರಸ್ತೆ. ಅದಕ್ಕೆ ಎರಡು ದಾರಿಗಳಿದ್ದವು. ನಕ್ಷೆಯ ಕೆಂಪು ಗೆರೆ ಕಾಲುವೆ ದಾರಿ. ಕಾಲುವೆಯ ಪೂರ್ವದ ದಡದಲ್ಲಿ ಪ್ರಾಥಮಿಕ ಶಾಲೆ, ಹೆರಿಗೆ ಆಸ್ಪತ್ರೆ. ಪಶ್ಚಿಮದ ದಡದಲ್ಲಿ ಕಲ್ಲು ಒಡೆದು ಬಿಟ್ಟುಹೋದ ಪಾಳುಗುಂಡಿ. ನೀಲಿ ಗೆರೆ ಗೋದಾಮು ದಾರಿ. ಅದು ಊರಿನ ಪೂರ್ವದ ಅಂಚಿನಲ್ಲಿ ಹಳೆಯ ಗೋದಾಮುಗಳ ಪಕ್ಕ ಹಾದು ಹೋಗುತ್ತದೆ, ಅದರಾಚೆ ಬರೀ ಬಯಲು.

ಗೋದಾಮುಗಳ ಪಕ್ಕದಲ್ಲೇ ಅತ್ತೆಯ ಹಿತ್ತಲು. ಹನ್ನೊಂದು ಸಾಲು ತಂತಿ, ನಾಲ್ಕು ಸಿಮೆಂಟಿನ ತೊಟ್ಟಿ, ಕೆಲಸಕ್ಕೆ ಇಬ್ಬರು ಹೆಂಗಸರು. ಆಸ್ಪತ್ರೆಯ ಹಾಸಿಗೆ ಬಟ್ಟೆ, ವಸತಿಗೃಹಗಳ ದುಪ್ಪಟಿ, ಎಲ್ಲ ಅಲ್ಲೇ ಒಗೆದು ಒಣಗುವುದು. ಗಂಡ ತೀರಿಕೊಂಡ ವರ್ಷ ಎರಡು ಸಾಲು ತಂತಿಯಿಂದ ಶುರು ಮಾಡಿ, ಇಪ್ಪತ್ತೆಂಟು ವರ್ಷದಲ್ಲಿ ಹನ್ನೊಂದು ಮಾಡಿದ್ದರು. ನೀಲಿ ಗೆರೆ ನಿಜವಾದರೆ ಅದರಲ್ಲಿ ಒಂಬತ್ತು ಸಾಲು ಹೋಗುತ್ತಿತ್ತು.

ಇದು ತಿಳಿದ ದಿನವೇ ಸೊಸೆ ಕಚೇರಿಗೆ ಪತ್ರ ಕೊಟ್ಟಿದ್ದಳು. ಅತ್ತೆಯ ಜಾಗ ಒಂದು ದಾರಿಯ ಮೇಲಿದೆ, ಈ ಕೆಲಸ ಬೇರೆಯವರಿಗೆ ಕೊಡಿ ಎಂದು. "ನಿಮ್ಮಷ್ಟು ಕಟ್ಟುನಿಟ್ಟಾಗಿ ಮಾಡೋರು ಇನ್ಯಾರಿದ್ದಾರೆ? ನೀವೇ ಮಾಡಿ, ಇನ್ನೊಬ್ಬರು ಪ್ರತಿ ಹಾಳೆ ಪರೀಕ್ಷೆ ಮಾಡ್ಲಿ," ಎಂದಿದ್ದರು ಮೇಲಿನವರು. ಸರಿ, ಆಕೆ ಮಾಡಿದಳು. ಎರಡೂ ದಾರಿಗಳನ್ನು ಈ ತುದಿಯಿಂದ ಆ ತುದಿಗೆ ನಡೆದಳು, ಅದೂ ನಾಲ್ಕು ಸಲ. ಕಾಲುವೆಯ ಮರಗಳಿಗೆ ಒಂದೊಂದಾಗಿ ಟೇಪು ಸುತ್ತಿ ಅಳೆಯುವಾಗ, ಪಾಪ, ಯಾರೋ ಹೆಂಗಸು ಮರ ತಬ್ಬಿಕೊಂಡು ಅಳ್ತಿದ್ದಾಳೆ ಎಂದು ದಾರಿಹೋಕರು ಸಮಾಧಾನ ಮಾಡಲು ಬಂದಿದ್ದರಂತೆ. ಕೊನೆಗೆ ವರದಿ ಸಿದ್ಧವಾಯಿತು. ಕಾಲುವೆ ದಾರಿ ನಿಯಮಕ್ಕೆ ಹೊಂದುತ್ತದೆ, ವಾಹನಗಳ ಹೊಗೆಯೆಲ್ಲ ಪಾಳುಗುಂಡಿಯ ಕಡೆಗೆ ಹೋಗುತ್ತದೆ ಎಂದು ಅದರಲ್ಲಿತ್ತು. ಹಿತ್ತಲು ಉಳಿಯಿತು ಎಂದು ಅತ್ತೆ ನೆಮ್ಮದಿಯ ಉಸಿರು ಬಿಟ್ಟರು.

ಬುಧವಾರ ಸಾರ್ವಜನಿಕ ವಿಚಾರಣೆ. ಅದರ ಹಿಂದಿನ ಭಾನುವಾರ ಸಂಜೆ ಊಟದ ಮೇಜಿನ ತುಂಬ ನಕ್ಷೆ ಹರಡಿತ್ತು. ದುಪ್ಪಟಿ ಮಡಚಲು ಅದೇ ಮೇಜು ಬೇಕಾಗಿದ್ದ ಅತ್ತೆ ಬಗಲಲ್ಲಿ ಗಂಟು ಹಿಡಿದು ನಿಂತಿದ್ದರು. ನಿಂತವರ ಕಣ್ಣು ಸುಮ್ಮನಿರುತ್ತದೆಯೇ?

"ಇದೇನಮ್ಮ, ಈ ಉದ್ದನೆ ಬಾಣ?"

"ಗಾಳಿ, ಅತ್ತೆ. ಹೊಗೆ ಯಾವ ಕಡೆ ಹೋಗುತ್ತೆ ಅಂತ ತೋರಿಸೋದು."

"ಸೂರ್ಯ ಮುಳುಗೋದು ಎಲ್ಲಿ ಇದರಲ್ಲಿ?"

ಸೊಸೆ ನಕ್ಷೆಯ ಎಡಗಡೆ, ಬಾಣದ ಮೊನೆ ಇದ್ದ ಕಡೆಗೇ ತೋರಿಸಿದಳು. ಅತ್ತೆ ಒಂದು ಗಳಿಗೆ ನೋಡಿ ಹೋ ಎಂದು ನಕ್ಕುಬಿಟ್ಟರು.

"ಅಯ್ಯೋ ನನ್ನ ಜಾಣೆ! ತಿರುಗುಮುರುಗು ಆಗಿದೆಯಲ್ಲೇ! ಈ ಊರಲ್ಲಿ ಗಾಳಿ ಸೂರ್ಯ ಮುಳುಗೋ ಕಡೆಗೆ ಹೋಗಲ್ಲ, ಮುಳುಗೋ ಕಡೆಯಿಂದ ಬರುತ್ತೆ. ಕಾಲುವೆ ಹತ್ರ ಬೇಕರಿ ಇದೆಯಲ್ಲ, ಅದರ ಚಿಮಣಿ ಮಸಿ ಎಲ್ಲಿ ಬೀಳುತ್ತೆ ಅಂದ್ಕೊಂಡೆ? ನನ್ನ ತಂತಿ ಮೇಲೆ! ಅದಕ್ಕೇ ಅಲ್ವಾ ನಾನು ಮೊದಲನೇ ಸಾಲಲ್ಲಿ ಕಂಬಳಿ ಹಾಕಿ, ಬಿಳೀ ಬಟ್ಟೆ ಅದರ ಮರೆಗೆ ಹಾಕೋದು!"

ಮದುವೆಯಾಗಿ ಬಂದ ಒಂಬತ್ತು ವರ್ಷದಲ್ಲಿ ಸೊಸೆಯ ತಪ್ಪು ಕೈಗೆ ಸಿಕ್ಕಿದ್ದು ಇದೇ ಮೊದಲು. ಆ ಖುಷಿಯಲ್ಲಿ ಅತ್ತೆ ಗಂಟನ್ನು ಕುರ್ಚಿಯ ಮೇಲೆ ಹಾಕಿ, ಮಗನನ್ನೂ ಕೂಗಿ ಕರೆದರು. ಸೊಸೆ ಮಾತ್ರ ನಗಲಿಲ್ಲ. ಕಪಾಟಿನಿಂದ ಹವಾಮಾನ ಕೇಂದ್ರದ ದಾಖಲೆ ತೆಗೆದು, ಬೆರಳಿಟ್ಟು ಓದುತ್ತ ಹೋದಳು. ಓದಿದಷ್ಟೂ ಅವಳ ಮುಖದ ರಕ್ತ ಇಳಿಯುತ್ತ ಬಂತು.

"ದಾಖಲೆಯಲ್ಲಿ ಪಶ್ಚಿಮ ಅಂತ ಬರೆದಿದ್ರೆ, ಪಶ್ಚಿಮದಿಂದ ಬರೋ ಗಾಳಿ ಅಂತ ಅರ್ಥ," ಎಂದಳು ಮೆಲ್ಲಗೆ. "ಹೊಗೆಯ ಬಾಣ ಹಾಕೋವಾಗ ನಾನು ಪಶ್ಚಿಮಕ್ಕೆ ಹೋಗುತ್ತೆ ಅಂತ ಹಾಕಿದೀನಿ. ಮೊದಲನೇ ವರ್ಷದ ವಿದ್ಯಾರ್ಥಿ ಮಾಡೋ ತಪ್ಪು."

"ಇನ್ನೊಬ್ಬರು ಪರೀಕ್ಷೆ ಮಾಡಿದ್ರಲ್ಲ?" ಎಂದ ಮಗ.

"ಲೆಕ್ಕ ಎಲ್ಲ ನೋಡಿದ್ರು. ನಾನು ಹಾಕಿದ ಬಾಣ ಅಂತ ಬಾಣ ನೋಡಲಿಲ್ಲ." ಸೊಸೆ ಕುರ್ಚಿಯಲ್ಲಿ ಕುಸಿದಳು. "ಹೊಗೆ ಗುಂಡಿಗೆ ಹೋಗಲ್ಲ. ಶಾಲೆ ಮೇಲೆ, ಆಸ್ಪತ್ರೆ ಮೇಲೆ ಹೋಗುತ್ತೆ. ಮಕ್ಕಳು, ರೋಗಿಗಳು ಇರೋ ಕಡೆ ಇಷ್ಟು ಹೊಗೆ ಬೀಳೋ ಹಾಗಿಲ್ಲ ಅಂತ ನಿಯಮ ಇದೆ. ಕಾಲುವೆ ದಾರಿ ಹೊಂದಲ್ಲ. ಹೊಂದೋದು ಗೋದಾಮು ದಾರಿ."

ಅತ್ತೆಯ ನಗು ಅರ್ಧಕ್ಕೇ ನಿಂತಿತು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂದು ಊರಿಗೆಲ್ಲ ಬುದ್ಧಿ ಹೇಳುವ ಹೆಂಗಸು, ತನ್ನ ಕಾಲಿನ ಮೇಲೆ ತಾನೇ ಕಲ್ಲು ಎತ್ತಿ ಹಾಕಿಕೊಂಡಿದ್ದರು.

"ನನ್ನ ಮಾತು ಏನು ಮಹಾ ಬಿಡಮ್ಮ," ಎಂದರು ಗಡಬಡಿಸಿ. "ಗಾಳಿ ಅಂದ್ರೆ ಗಾಳಿ. ಇವತ್ತು ಹಾಗೆ ಬೀಸುತ್ತೆ, ನಾಳೆ ಹೀಗೆ ಬೀಸುತ್ತೆ. ನನಗೂ ವಯಸ್ಸಾಯ್ತು, ಮಸಿ ಯಾವುದು ಧೂಳು ಯಾವುದು ಕಾಣಿಸುತ್ತಾ ಕಣ್ಣಿಗೆ?"

ಮಗನಿಗೂ ಅದೇ ಸರಿ ಕಂಡಿತು. "ಯಾರಿಗೂ ಗೊತ್ತಾಗಿಲ್ಲ ಕಣೆ. ಗಾಳಿ ಬಂದಾಗ ತೂರಿಕೋ ಅಂತ ದೊಡ್ಡೋರು ಸುಮ್ಮನೆ ಹೇಳಿದಾರಾ?"

"ತೂರಿಕೊಳ್ಳೋರಿಗೂ ಗಾಳಿ ಎತ್ತಲಿಂದ ಬರುತ್ತೆ ಅಂತ ಗೊತ್ತಿರಬೇಕು ರೀ. ಇಲ್ದಿದ್ರೆ ಹೊಟ್ಟು ನಮ್ಮ ಕಣ್ಣಿಗೇ ಬೀಳುತ್ತೆ."

"ನಿನ್ನ ಮೇಲೇ ಬರುತ್ತಲ್ಲಮ್ಮ!" ಅತ್ತೆಯ ದನಿ ಏರಿತು. "ಅತ್ತೆ ಹಿತ್ತಲು ಉಳಿಸೋಕೆ ಬೇಕಂತಲೇ ಬಾಣ ತಿರುಗಿಸಿದ್ಲು ಅಂತಾರೆ. ಕೆಲಸಕ್ಕೇ ಸಂಚಕಾರ."

"ಅಂತಾರೆ ಅತ್ತೆ. ಅನ್ನಲಿ." ಸೊಸೆ ಎದ್ದು ಬಂದು ಅತ್ತೆಯ ಎದುರು ನಿಂತಳು. "ನಾಳೆ ಹೋಗಿ ನನ್ನ ತಪ್ಪು ಅಂತ ಬರೆದು ಕೊಡ್ತೀನಿ. ನೀವು ಹೇಳಿದ್ದು ಅಂತ ಎಲ್ಲೂ ಬಾಯಿ ಬಿಡಲ್ಲ. ವಿಚಾರಣೆಗೆ ನೀವು ಬರೋದೂ ಬೇಡ. ನಿಮ್ಮ ಇಪ್ಪತ್ತೆಂಟು ವರ್ಷ ಅದು. ಅದನ್ನ ಕೊಡಿ ಅಂತ ಕೇಳೋ ಬಾಯಿ ನನಗಿಲ್ಲ."

ಅತ್ತೆ ಗಂಟು ಎತ್ತಿಕೊಂಡು ಒಳಗೆ ಹೋದರು. ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ ಎನ್ನುತ್ತಾರಲ್ಲ, ನನ್ನ ಕಾಲ ಮುಗಿಯಿತು ಎಂದುಕೊಂಡರು. ಸೋಮವಾರ ಇಡೀ ದಿನ ಸೊಸೆಯ ಜೊತೆ ಮಾತಿಲ್ಲ. ತಟ್ಟೆಗೆ ಬಡಿಸುವಾಗ ಸೌಟು ಮಾತ್ರ ಜೋರಾಗಿ ಮಾತಾಡಿತು.

ಮಂಗಳವಾರ ಬೆಳಿಗ್ಗೆ ಅತ್ತೆ ತೊಟ್ಟಿಗೆ ನೀರು ಬಿಡಲು ಹೋದಾಗ, ಹಿತ್ತಲಲ್ಲಿ ಸೊಸೆ ಆಗಲೇ ನಿಂತಿದ್ದಳು. ತಂತಿಗಳಿಗೆ ಹತ್ತಿ ಬಟ್ಟೆಯ ಚಿಂದಿ ಕಟ್ಟಿದ್ದಳು. ಕೈಯಲ್ಲಿ ದಿಕ್ಸೂಚಿ. ಪ್ರತಿ ಹತ್ತು ನಿಮಿಷಕ್ಕೊಮ್ಮೆ ಚಿಂದಿ ಹಾರುವ ದಿಕ್ಕು ನೋಡಿ ಬರೆದುಕೊಳ್ಳುತ್ತಿದ್ದಳು. ಸೋಮವಾರವೂ ಇದನ್ನೇ ಮಾಡಿದ್ದಳಂತೆ, ಕೆಲಸದ ಹೆಂಗಸರು ಹೇಳಿದರು. ನೋಡು ಇವಳ ಕೊಬ್ಬು, ನನ್ನ ಇಪ್ಪತ್ತೆಂಟು ವರ್ಷದ ಗಾಳಿಗೂ ಪರೀಕ್ಷೆ ಇಟ್ಟಿದ್ದಾಳೆ ಎಂದು ಅತ್ತೆಗೆ ಪಿತ್ತ ನೆತ್ತಿಗೇರಿತು. ಮರುಗಳಿಗೆಗೆ ಇನ್ನೊಂದು ಹೊಳೆಯಿತು. ತನ್ನ ಮನೆಯ ಜಾಗ ಹೋಗುವ ಮಾತಿಗೇ ಇಷ್ಟು ನಿಯತ್ತಾಗಿ ಸಾಕ್ಷಿ ಹುಡುಕುವವಳು ಭೂಮಿಯ ಮೇಲೆ ಇನ್ನೆಷ್ಟು ಜನ ಇದ್ದಾರು? ಕೋಪ ಇಳಿಯಲಿಲ್ಲ, ನಿಜ. ಆದರೆ ಆ ಕೋಪದ ಜೊತೆಗೇ ಒಂದು ಹೆಮ್ಮೆ ಬಂದು ಕೂತಿತು, ಎಬ್ಬಿಸಿದರೂ ಏಳಲಿಲ್ಲ.

ಬುಧವಾರ ಸೊಸೆ ಹೊರಟ ಅರ್ಧ ಗಂಟೆಗೆ ಅತ್ತೆಯೂ ಹೊರಟರು. ಬರೋದು ಬೇಡ ಎಂದವಳು ಅವಳು, ಕೇಳಬೇಕೆಂದು ನಿಯಮವೇನೂ ಇಲ್ಲವಲ್ಲ.

ಸಭಾಂಗಣ ಕಿಕ್ಕಿರಿದಿತ್ತು. ಅತ್ತೆ ಹಿಂಬಾಗಿಲ ಹತ್ತಿರ ಗೋಡೆಗೆ ಒರಗಿ ನಿಂತರು. ಮುಂದೆ ಸೊಸೆ ಮೈಕಿನ ಎದುರು ನಿಂತು, ಒಂದಕ್ಷರ ತೊದಲದೆ ಹೇಳುತ್ತಿದ್ದಳು. "ಗಾಳಿಯ ದಿಕ್ಕನ್ನು ತಪ್ಪಾಗಿ ಹಾಕಿದವಳು ನಾನು. ಆ ತಪ್ಪಿನಿಂದ ನನ್ನ ಮನೆಯವರಿಗೇ ಲಾಭವಾಗುತ್ತಿತ್ತು ಅನ್ನೋದನ್ನೂ ನಾನೇ ತಿಳಿಸುತ್ತಿದ್ದೇನೆ. ತಿದ್ದಿದ ಅರವತ್ತಮೂರು ಹಾಳೆ ನಿಮ್ಮ ಮುಂದಿದೆ. ಕಾಲುವೆ ದಾರಿ ನಿಯಮಕ್ಕೆ ಹೊಂದುವುದಿಲ್ಲ."

ಸಭೆಯಲ್ಲಿ ಗುಜುಗುಜು ಎದ್ದಿತು. ಯಾರೋ ನಕ್ಕರು. ಕಾಲುವೆ ದಾರಿಯ ಕೆಲಸ ಹಿಡಿಯಬೇಕೆಂದಿದ್ದ ಕಂಪನಿಯ ವಕೀಲರು ಎದ್ದರು. "ಹವಾಮಾನ ಕೇಂದ್ರ ಇರೋದು ಊರಾಚೆ ಗುಡ್ಡದ ಮೇಲೆ. ಗುಡ್ಡದ ಗಾಳಿ ಬೇರೆ, ಕಾಲುವೆಯ ಗಾಳಿ ಬೇರೆ. ಊರೊಳಗಿನ ಗಾಳಿಗೆ ಏನು ಸಾಕ್ಷಿ ಇದೆ ಮೇಡಂ ಹತ್ತಿರ?"

"ಎರಡು ದಿನದ್ದು ಮಾತ್ರ ಇದೆ," ಎಂದಳು ಸೊಸೆ. "ಅದು ಸಾಲದು. ಸಾಕು ಅಂತ ನಾನು ಹೇಳಲಾರೆ."

ಇಂಥ ಹೊತ್ತಿನಲ್ಲೂ ಸಾಲದು ಎನ್ನುತ್ತಾಳಲ್ಲ, ಮಹಾತಾಯಿ! ಅತ್ತೆಗೆ ಹಣೆ ಚಚ್ಚಿಕೊಳ್ಳುವಂತಾಯಿತು. ವಿಚಾರಣೆ ನಡೆಸುತ್ತಿದ್ದ ಅಧ್ಯಕ್ಷರು ಕನ್ನಡಕ ತೆಗೆದು ಒರೆಸಿಕೊಂಡರು. ಊರೊಳಗಿನ ಸಾಕ್ಷಿಯೇ ಇಲ್ಲದಿದ್ದರೆ ಮೊದಲಿನ ವರದಿಯನ್ನೇ ಇಟ್ಟುಕೊಂಡು ಮುಂದುವರಿಯಬೇಕಾಗುತ್ತದೆ ಎಂದರು.

ಸಾಕ್ಷಿ ಹಿಂಬಾಗಿಲಲ್ಲಿ ನಿಂತಿತ್ತು. ಅದು ಸೊಸೆಗೆ ಗೊತ್ತಿತ್ತು. ಒಳಗೆ ಕಾಲಿಟ್ಟಾಗಲೇ ಅವಳ ಕಣ್ಣು ತನ್ನ ಮೇಲೆ ಬಿದ್ದದ್ದನ್ನು ಅತ್ತೆ ನೋಡಿದ್ದರು. ಆದರೂ ಅವಳು ಈ ಕಡೆ ಬೆರಳು ತೋರಿಸಲಿಲ್ಲ, ಕತ್ತು ಕೂಡ ತಿರುಗಿಸಲಿಲ್ಲ. ಕೊಟ್ಟ ಮಾತಿಗೆ ಅಂಟಿಕೊಂಡು, ಎಲ್ಲರ ಕುಹಕದ ನಗು ತಿನ್ನುತ್ತ, ಒಬ್ಬಳೇ ನಿಂತಿದ್ದಳು. ಬಾಯಿ ಮುಚ್ಚಿಕೊಂಡು ಮನೆಗೆ ಹೋದರೆ ಹನ್ನೊಂದು ಸಾಲೂ ನನ್ನದೇ ಎಂದುಕೊಂಡರು ಅತ್ತೆ. ಹಾಗೆ ಅಂದುಕೊಳ್ಳುತ್ತಲೇ ಕಾಲು ಮುಂದಕ್ಕೆ ನಡೆದಿತ್ತು.

"ಸ್ವಲ್ಪ ಜರುಗಮ್ಮ," ಎಂದು ಸೊಸೆಯನ್ನು ಪಕ್ಕಕ್ಕೆ ಸರಿಸಿ ಮೈಕು ಹಿಡಿದರು. "ಗಾಳಿಗೆ ಸಾಕ್ಷಿ ತಾನೇ ಬೇಕಾಗಿರೋದು? ಕಾಲುವೆ ಪಕ್ಕದ ಶಾಲೆಯ ಪರದೆ ಒಗೆಯೋಳು ನಾನು. ಹದಿನಾರು ವರ್ಷದಿಂದ. ಆ ಶಾಲೆಗೆ ಕಾಲುವೆ ಕಡೆ ಕಿಟಕಿ ಇದಾವೆ, ಈಚೆ ಬೀದಿ ಕಡೆನೂ ಇದಾವೆ. ಬೀದಿ ಕಡೆ ಪರದೆ ಒಂದು ಸಲ ನೆನೆಸಿದ್ರೆ ಸಾಕು. ಕಾಲುವೆ ಕಡೆದು ಮೂರು ಸಲ ನೆನೆಸಬೇಕು, ಅಷ್ಟು ಮಸಿ. ಒಂದು ಬೇಕರಿ ಹೊಗೆಗೇ ಇಷ್ಟು. ಇನ್ನು ಆರು ಸಾಲು ಲಾರಿ ಓಡಿದ್ರೆ? ನಂಬಿಕೆ ಇಲ್ಲದಿದ್ರೆ ಈಗಲೇ ಹೋಗಿ ಬಿಚ್ಚಿಸಿ ನೋಡಿ. ಪರದೆ ಸುಳ್ಳು ಹೇಳಲ್ಲ."

ವಕೀಲರು ಗಂಟಲು ಸರಿಮಾಡಿಕೊಂಡರು. "ಅಮ್ಮ, ಈ ಮಾತಿನಿಂದ ರಸ್ತೆ ಗೋದಾಮು ಕಡೆ ಹೋಗುತ್ತೆ. ಅಲ್ಲಿ ಯಾರ ಜಾಗ ಹೋಗುತ್ತೆ ಗೊತ್ತಾ ನಿಮಗೆ?"

"ನಂದೇ."

"ಯಾರೋ ಹೇಳಿಕೊಟ್ಟು ಕಳಿಸಿದ ಹಾಗಿದೆ."

"ಹೇಳಿಕೊಟ್ಟೋಳು ನಾನಪ್ಪ! ಇವಳಿಗೆ ಬಾಣ ತಪ್ಪು ಅಂತ ತೋರಿಸಿದೋಳೂ ನಾನೇ, ಸುಮ್ಮನಿರೇ ಅಂತ ಬೇಡ್ಕೊಂಡೋಳೂ ನಾನೇ. ಕೇಳಲಿಲ್ಲ ಪುಣ್ಯಾತ್ಗಿತ್ತಿ." ಅತ್ತೆಯ ದನಿ ಅಲ್ಲಿ ಸ್ವಲ್ಪ ಒಡೆಯಿತು. ಸೆರಗಿನಿಂದ ಮೂಗು ಒರೆಸಿಕೊಂಡು, ಬರೆಯುವುದನ್ನು ನಿಲ್ಲಿಸಿ ತಮ್ಮನ್ನೇ ನೋಡುತ್ತಿದ್ದ ಗುಮಾಸ್ತರ ಕಡೆ ತಿರುಗಿದರು. "ನಿಲ್ಲಿಸಬೇಡಿ, ಬರ್ಕೊಳ್ಳಿ. ಹೆರಿಗೆ ಆಸ್ಪತ್ರೆ ಹಾಸಿಗೆ ಬಟ್ಟೆನೂ ನನ್ನ ಹತ್ರಾನೇ ಬರೋದು. ಬಟ್ಟೆಗೆ ಎಷ್ಟೇ ಮಸಿ ಹಿಡೀಲಿ, ತಿಕ್ಕಿ ತಿಕ್ಕಿ ಬೆಳ್ಳಗೆ ಮಾಡಿ ಕೊಟ್ಟೇನು. ಕೂಸಿನ ಎದೆ ಒಗೆಯೋಕೆ ನನಗೆ ಬರಲ್ಲ."

ಗುಮಾಸ್ತರು ಬರೆದುಕೊಂಡರು.