ಫ್ರೀ ಪೊಟ್ಟಣ

ಲಾಯದ ಹಿರಿಯನಿಗೆ ಗೊತ್ತಿಲ್ಲದ್ದಕ್ಕೂ ಗೊತ್ತೆಂದು ತಲೆಯಾಡಿಸುವ ಚಟ. ಕುದುರೆ ಡಾಕ್ಟರಾಗಿ ಅದೇ ಲಾಯಕ್ಕೆ ಬಂದ ಸ್ವಂತ ಸೊಸೆಯ ಮುಂದೆಯೂ ಬಿಡಲಿಲ್ಲ. ಓಟ ಮುಗಿಸಿ ಬಂದಾಗಲೆಲ್ಲ ಅಲ್ಲಿನ ಬೂದು ಹೆಣ್ಣುಕುದುರೆಯ ತೊಡೆ ಮರಗಟ್ಟುತ್ತಿತ್ತು.

"ಮಾವ, ಜೋರಾಗಿ ಓಡಿದ್ರೆ ಮೈಯೊಳಗೆ ಫ್ರೀ ರ್‍ಯಾಡಿಕಲ್ ಅಂತ ಪುಂಡರ ಗುಂಪು ಎದ್ದು ಸ್ನಾಯು ಕೆಡಿಸುತ್ತೆ. ಅದನ್ನ ಅಡಗಿಸೋಕೆ ಈ ಪುಡಿ. ವಿಟಮಿನ್ ಇ, ಸೆಲೆನಿಯಮ್ ಎರಡೂ ಇದೆ. ದಿನಕ್ಕೆ ಒಂದೇ ಚಮಚ. ಸೆಲೆನಿಯಮ್ ಹೆಚ್ಚಾದ್ರೆ ವಿಷ."

"ಗೊತ್ತಮ್ಮ, ಗೊತ್ತು! ನೀನು ಹುಟ್ಟೋ ಮೊದ್ಲಿಂದ ಕುದುರೆ ನೋಡಿದೀನಿ."

ಗೊತ್ತಿದ್ದದ್ದು ಸೊನ್ನೆ. ಕಿವಿಯಲ್ಲಿ ಉಳಿದದ್ದು 'ಫ್ರೀ' ಒಂದೇ. ಮೇವಿನ ಮೂಟೆಗಳ ಜೊತೆ ಬಂದ ಪೊಟ್ಟಣಗಳ ಮೇಲೂ ಕೆಂಪಕ್ಷರದಲ್ಲಿ 'ಫ್ರೀ' ಎಂದಿತ್ತು. ಓಹೋ, ಪುಡಿಯ ಜೊತೆ ಇದನ್ನೂ ಹಾಕು ಅಂತ ಸೊಸೆ ಹೇಳಿದ್ದಿರಬೇಕು! ಕೇಳಬಹುದಿತ್ತು. ಆದರೆ ಜಟ್ಟಿ ಬಿದ್ದರೂ ಮೀಸೆ ಮಣ್ಣಾಗಬಾರದಲ್ಲ! ಚಮಚ ಪುಡಿಯ ಜೊತೆ ದಿನಾ ಒಂದು ಪೊಟ್ಟಣವನ್ನೂ ಕುದುರೆಯ ಹೊಟ್ಟಿನ ಮೇವಿಗೆ ಸುರಿದ. ಉಳಿದ ಚೂರನ್ನು ಕುದುರೆ ಅವನ ಅಂಗೈಯಿಂದಲೇ ನೆಕ್ಕುತ್ತಿತ್ತು.

ಕೆಲವು ವಾರಗಳಲ್ಲಿ ಅದರ ಕುತ್ತಿಗೆಯ ಕೂದಲು ಉದುರಿತು, ಗೊರಸು ಬಿರುಕುಬಿಟ್ಟಿತು. ರಕ್ತ ಪರೀಕ್ಷೆಗೆ ಹೋಯಿತು. ಸೆಲೆನಿಯಮ್ ಮಿತಿಮೀರಿದೆ ಎಂಬ ಸುದ್ದಿ ಬಂದ ಬೆಳಿಗ್ಗೆಯೇ ಅವನು ಬಾಗಿಲ ಮರೆಯಲ್ಲಿ ಪೊಟ್ಟಣದ ಸಣ್ಣಕ್ಷರ ಓದಿದ. ಅದರಲ್ಲೂ ಸೆಲೆನಿಯಮ್! ಪೊಟ್ಟಣ ಜೇಬು ಸೇರಿತು.

ಲಾಯದ ಒಡತಿ ಬಂದವಳೇ ಎಲ್ಲರೆದುರು ಸೊಸೆಯ ಮೇಲೆ ಹರಿಹಾಯ್ದಳು. "ಪುಡಿ ಕೊಟ್ಟೋರು ನೀವೇ ತಾನೆ? ನಾಳೆಯಿಂದ ಬರ್ಬೇಡಿ."

"ಅಳತೆ ಹೇಳೋದ್ರಲ್ಲಿ ನಾನೇ ತಪ್ಪಿರ್ಬೇಕು ಮೇಡಂ," ಎಂದಳು ಸೊಸೆ. ಮಾವನ ಕಡೆ ಬೆರಳು ತೋರಿಸಲಿಲ್ಲ.

ಈಗಲಾದರೂ ಬಾಯಿ ಬಿಡಬಾರದೇ ಆ ಮನುಷ್ಯ? ಕಂಬಕ್ಕೆ ಒರಗಿ ನಿಂತ. ನಾಲಿಗೆ ಏಳಲಿಲ್ಲ.

ಎದ್ದದ್ದು ಕುದುರೆಯ ಮೂತಿ. ದಿನದ ಅಭ್ಯಾಸದಂತೆ ಅವನ ಜೇಬಿಗೆ ಮೂತಿ ತೂರಿಸಿ ಪೊಟ್ಟಣ ಎಳೆದುಹಾಕಿ, ಅಂಗೈಗಾಗಿ ಕಾಯಿತು.

ಸೊಸೆ ಅದನ್ನು ಎತ್ತಿಕೊಂಡು ಓದಿದಳು. "ಇದರಲ್ಲಿ ಏನಿದೆ ಅಂತ ನಿಮಗೆ ಗೊತ್ತಿರ್ಲಿಲ್ಲ ಅಲ್ವಾ ಮಾವ?" ಎಂದಳು ಮೆಲ್ಲಗೆ. ತಪ್ಪಿಸಿಕೊಳ್ಳಲು ದಾರಿಯನ್ನೂ ಅವಳೇ ಮಾಡಿಕೊಟ್ಟಿದ್ದಳು.

"ಹಾಕುವಾಗ ಗೊತ್ತಿರ್ಲಿಲ್ಲಮ್ಮ." ಅವನು ತಲೆ ಎತ್ತಲಿಲ್ಲ. "ಅವರು ನಿನ್ನ ಬೈಯುವಾಗ ಗೊತ್ತಿತ್ತು."